ಉಮೇದುವಾರರು: ಬೀದರ ಸೀಮೆಯ ಸೇವಾಸಂಘಗಳ ಮುಂದಾಳುತನ

ನಮ್ಮ ಬೀದರ ಕಡೆ ಚುನಾವಣೆಗೆ ನಿಂತವನನ್ನು ಹಳಬರು 'ಉಮೇದುವಾರ' ಎಂದೇ ಕರೆಯುತ್ತಾರೆ. ಪಾರಸಿಯಲ್ಲಿ 'ಉಮೇದ್' ಎಂದರೆ ಆಸೆ, ಉಮೇದುವಾರನೆಂದರೆ ಆಸೆಯಿಟ್ಟುಕೊಂಡವನು. ಪತ್ರಿಕೆಗಳು ಬರೆಯುವ 'ಅಭ್ಯರ್ಥಿ' ಸಂಸ್ಕೃತದ್ದು; ಬೇಡುವವನೆಂದು ಅದರ ಅರ್ಥ. ಇಂಗ್ಲಿಷರ 'ಕ್ಯಾಂಡಿಡೇಟ್' ಲ್ಯಾಟಿನ್ನಿನಿಂದ ಬಂತು. ಪ್ರಾಚೀನ ರೋಮಿನಲ್ಲಿ ಪದವಿ ಬಯಸಿದವನು ಸೀಮೆಸುಣ್ಣದಿಂದ ಬೆಳ್ಳಗೆ ಮಾಡಿದ ನಿಲುವಂಗಿ ಧರಿಸಿ ಜನರ ನಡುವೆ ಓಡಾಡುತ್ತಿದ್ದನಂತೆ; ಬಿಳಿಯುಡುಪಿನವನೆಂಬುದೇ ಆ ಶಬ್ದದ ಮೂಲ. ಬಿಳಿಯ ಬಟ್ಟೆಗೂ ಪದವಿಗೂ ಇರುವ ನಂಟು ಖಾದಿಯ ಕಾಲದಲ್ಲಿ ಹುಟ್ಟಿದ್ದಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಆ ಪದವಿಗಳ ಹೆಸರನ್ನೇ ನೋಡಿರಿ. 'ಅಧ್ಯಕ್ಷ'ನೆಂದರೆ ಮೇಲುಸ್ತುವಾರಿ ನೋಡುವವನು. ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣಕ್ಕೆ 'ಅಧ್ಯಕ್ಷಪ್ರಚಾರ'ವೆಂದು ಹೆಸರಿಟ್ಟು ಗಣಿ, ಸುಂಕ, ನೇಯ್ಗೆ, ತೂಕ, ಅಳತೆಗಳನ್ನು ನೋಡಿಕೊಳ್ಳುವವರ ಕೆಲಸವನ್ನು ಅಲ್ಲಿ ವಿವರಿಸಿದ್ದಾನೆ. ಆ ಅಧ್ಯಕ್ಷರು ಹಾರ ಹಾಕಿಸಿಕೊಳ್ಳುವವರಲ್ಲ, ಲೆಕ್ಕ ಒಪ್ಪಿಸುವವರು. ನಿಜಾಮರ ದಫ್ತರುಗಳಲ್ಲಿ ಕಾರ್ಯದರ್ಶಿಗೆ 'ಮೋತಮದ್' ಎನ್ನುತ್ತಿದ್ದರು; ನಂಬಿಕೆಗೆ ಪಾತ್ರನಾದವನೆಂದು ಅರ್ಥ. ಮೂರು ಭಾಷೆಗಳು ಕಲೆತ ನಮ್ಮ ನೆಲದಲ್ಲಿ ಆಸೆ, ಬೇಡಿಕೆ, ನಂಬಿಕೆ, ಲೆಕ್ಕ ಎಂಬ ನಾಲ್ಕೂ ಒಂದೇ ಕುರ್ಚಿಯ ಸುತ್ತ ಸೇರಿಕೊಂಡಿವೆ.

ಶಾಸನಸಭೆಯ ಚುನಾವಣೆ ಈ ಲೇಖನದ ವಿಷಯವಲ್ಲ. ಸಮಾಜಸೇವೆಯನ್ನೇ ವೃತ್ತಿಯಾಗಿ ಹಿಡಿದವರು ತಮ್ಮ ಸಂಘಗಳಿಗೆ ಮುಂದಾಳುಗಳನ್ನು ಆರಿಸಿಕೊಳ್ಳುವ ರೀತಿ ಹೇಗೆ ಬೆಳೆದು ಬಂತು, ಅದರಲ್ಲಿ ನಮ್ಮ ಸೀಮೆಯ ಪಾಲೇನು ಎಂಬುದಷ್ಟೇ ವಿಷಯ. ಬೀದರ, ಭಾಲ್ಕಿ, ಔರಾದಗಳಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಪಡೆದ ತರುಣ ತರುಣಿಯರು ಆಸ್ಪತ್ರೆಗಳಲ್ಲಿ, ಮಕ್ಕಳ ರಕ್ಷಣೆಯ ಕಚೇರಿಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿಯುತ್ತಿದ್ದಾರೆ. ಔರಾದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಬಂದು, "ಗುರುಗಳೇ, ಸಂಘದ ಅಧ್ಯಕ್ಷಸ್ಥಾನಕ್ಕೆ ನಿಲ್ಲು ಅಂತಾರ ಗೆಳ್ಯಾರು. ಸೇವಾ ಮಾಡಾವ ಓಟು ಕೇಳಬೇಕೇನ್ರಿ?" ಎಂದ. ಈ ಪ್ರಶ್ನೆ ಅವನೊಬ್ಬನದಲ್ಲ. ಇದಕ್ಕೆ ದೀರ್ಘವಾದ ಚರಿತ್ರೆಯಿದೆ.

ಬೀದರಿನಿಂದಲೇ ಆರಂಭಿಸೋಣ. ಪದವಿಯ ಮೇಲಾಟ ಏನು ಮಾಡಬಲ್ಲದೆಂಬುದಕ್ಕೆ ಮಹಮೂದ್ ಗಾವಾನನಿಗಿಂತ ದೊಡ್ಡ ನಿದರ್ಶನ ಬೇಡ. ವ್ಯಾಪಾರಿಯಾಗಿ ಈ ನಾಡಿಗೆ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದ ಈತ ೧೪೭೨ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ. ಅದರ ಒಂದು ಮೀನಾರು ಇಂದಿಗೂ ನಿಂತಿದೆ. ತಾನು ಸರಳವಾಗಿ ಬದುಕಿ ಗಳಿಕೆಯ ಬಹುಪಾಲನ್ನು ಬಡವರಿಗೂ ವಿದ್ವಾಂಸರಿಗೂ ವೆಚ್ಚ ಮಾಡುತ್ತಿದ್ದನೆಂದು ಚರಿತ್ರಕಾರರು ಬರೆದಿದ್ದಾರೆ. ರಾಜ್ಯದ ನಾಲ್ಕು ತರಫುಗಳನ್ನು ಎಂಟಾಗಿ ಒಡೆದು ಪ್ರಾಂತಾಧಿಕಾರಿಗಳ ಬಲ ಕುಗ್ಗಿಸಿದ್ದೇ ಅವನಿಗೆ ಮುಳುವಾಯಿತು. ದಖ್ಖನಿಗಳು, ಪರದೇಶಿಗಳು ಎಂಬ ಎರಡು ಬಣಗಳ ಹಗೆ ಮೊದಲೇ ಇತ್ತು. ವಿರೋಧಿಗಳು ಅವನ ಮುದ್ರೆಯನ್ನು ಮೋಸದಿಂದ ಒತ್ತಿಸಿಕೊಂಡು ಒರಿಸ್ಸಾದ ರಾಜನಿಗೆ ಬರೆದಂತೆ ಕಳ್ಳಪತ್ರ ಸೃಷ್ಟಿಸಿದರು. ೧೪೮೧ರಲ್ಲಿ ಸುಲ್ತಾನನ ಅಪ್ಪಣೆಯಂತೆ ಆ ವೃದ್ಧನ ತಲೆ ಉರುಳಿತು. ಮರುವರ್ಷ ಸುಲ್ತಾನನೂ ತೀರಿಕೊಂಡ. ಮುಂದೆ ಬಹಮನಿ ರಾಜ್ಯವೇ ಐದು ಹೋಳಾಯಿತು.

ನಿಜಾಮರ ಕಾಲಕ್ಕೆ ಬಂದರೆ ಸಂಘ ಕಟ್ಟುವುದೇ ಒಂದು ಸಾಹಸ. 'ಗಸ್ತಿ ನಿಶಾನ್ ೫೩' ಎಂಬ ಸುತ್ತೋಲೆಯ ಹೆಸರನ್ನು ನಮ್ಮ ಹಿರಿಯರು ಮರೆತಿರಲಿಲ್ಲ. ಮೊದಲೇ ಅನುಮತಿ ಪಡೆಯದೆ ಸಾರ್ವಜನಿಕ ಸಭೆ ನಡೆಸಬಾರದೆಂದು ಅದರ ಕಟ್ಟಳೆ. ಇಂಥಲ್ಲಿ ರಾಜಕೀಯದ ಹೆಸರೆತ್ತದೆ ಭಾಷೆ, ಶಿಕ್ಷಣ, ಸಮಾಜಸುಧಾರಣೆಗಳ ಹೆಸರಿನಲ್ಲಿ ಜನ ಸೇರತೊಡಗಿದರು. ತೆಲುಗರ ಆಂಧ್ರ ಮಹಾಸಭೆ ೧೯೩೦ರಲ್ಲಿ ಮೆದಕ್ ಜಿಲ್ಲೆಯ ಜೋಗಿಪೇಟೆಯಲ್ಲಿ ಸುರವರಂ ಪ್ರತಾಪರೆಡ್ಡಿಯವರ ಅಧ್ಯಕ್ಷತೆಯಲ್ಲಿ ಕೂಡಿತು. ಕನ್ನಡಿಗರ ಕರ್ನಾಟಕ ಪರಿಷತ್ತು ೧೯೩೭ರಲ್ಲಿ ನಮ್ಮ ಬೀದರಿನಲ್ಲಿಯೇ ಮೊದಲ ಅಧಿವೇಶನ ನಡೆಸಿತು. ಮರಾಠಿಗರ ಪರಿಷತ್ತೂ ಅದೇ ವರ್ಷದ್ದು. ಊರೂರಿಗೆ ಗ್ರಂಥಾಲಯ, ಮಾತೃಭಾಷೆಯ ಶಾಲೆ, ಬಿಟ್ಟಿ ಚಾಕರಿಯ ನಿವಾರಣೆ ಮುಂತಾದುವು ಇಂಥ ಸಭೆಗಳ ಬೇಡಿಕೆಗಳು. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದೆಲ್ಲ ಸಮಾಜಕಾರ್ಯವೇ.

೧೯೩೮ರಲ್ಲಿ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮೊದಲೇ ಸರಕಾರ ಅದನ್ನು ನಿಷೇಧಿಸಿತು. ಆ ವರ್ಷದ ಅಕ್ಟೋಬರಿನಲ್ಲಿ ಸತ್ಯಾಗ್ರಹ ಆರಂಭವಾದಾಗ ತಂಡ ತಂಡವಾಗಿ ಕಾರ್ಯಕರ್ತರು ಬಂಧನಕ್ಕೊಳಗಾದರು. ಪ್ರತಿ ತಂಡಕ್ಕೂ ಒಬ್ಬ ಮುಖಂಡ. ಆಗ ಮುಖಂಡನಾಗುವುದೆಂದರೆ ಸೆರೆಮನೆಯ ಬಾಗಿಲಲ್ಲಿ ಮೊದಲನೆಯವನಾಗಿ ನಿಲ್ಲುವುದು. ಅಂಥ ಪದವಿಗೆ ಪೈಪೋಟಿ ಇದ್ದರೆ ಅದು ಎಷ್ಟು ಚೆಂದದ ಪೈಪೋಟಿ!

ಇಲ್ಲಿ ಸ್ವಲ್ಪ ಪುಣೆಯ ಕಡೆ ತಿರುಗಬೇಕು. ನಮ್ಮ ಕಥೆಯ ಒಂದು ಎಳೆ ಅಲ್ಲಿಂದ ಬಂದಿದೆ. ಗೋಪಾಲಕೃಷ್ಣ ಗೋಖಲೆಯವರು ೧೯೦೫ರಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ದೇಶಸೇವೆಯನ್ನು ಜೀವಮಾನದ ಕಸುಬನ್ನಾಗಿ ಮಾಡಿಕೊಂಡವರ ಸಂಘ ಅದು. ಸೇರುವವನು ಏಳು ಪ್ರತಿಜ್ಞೆಗಳನ್ನು ಕೈಕೊಳ್ಳಬೇಕು. ತನಗಾಗಿ ಹಣ ಗಳಿಸುವುದಿಲ್ಲವೆಂಬುದು ಒಂದು, ಯಾರೊಡನೆಯೂ ವೈಯಕ್ತಿಕ ಜಗಳಕ್ಕಿಳಿಯುವುದಿಲ್ಲವೆಂಬುದು ಇನ್ನೊಂದು. ಸಂಘಗಳ ಚುನಾವಣೆಯನ್ನು ಕಣ್ಣಾರೆ ಕಂಡವರು ಈ ಎರಡನೆಯ ಪ್ರತಿಜ್ಞೆಯ ಬೆಲೆಯನ್ನು ಬಲ್ಲರು. ೧೯೧೫ರ ಫೆಬ್ರವರಿಯಲ್ಲಿ ಗೋಖಲೆಯವರು ತೀರಿಕೊಂಡ ಮೇಲೆ ಗಾಂಧೀಜಿ ಸಮಾಜದ ಸದಸ್ಯರಾಗಲು ಅರ್ಜಿ ಹಾಕಿದರು. ಸದಸ್ಯರಲ್ಲಿ ಎರಡು ಪಕ್ಷವಾಯಿತು: ಇವರ ವಿಚಾರಗಳು ಸಮಾಜದ ಮೂಲೋದ್ದೇಶಕ್ಕೆ ಕುಂದು ತಂದಾವೆಂದು ಕೆಲವರ ಅಂಜಿಕೆ. ಬಹುಮತದಿಂದ ಒಳಗೆ ಹೋಗಿ ಸಮಾಜದ ಒಡಕಿಗೆ ಕಾರಣನಾಗುವುದಕ್ಕಿಂತ ಹೊರಗಿರುವುದೇ ಮೇಲೆಂದು ಬಗೆದು ಗಾಂಧೀಜಿ ತಮ್ಮ ಅರ್ಜಿಯನ್ನು ತಾವೇ ಹಿಂದಕ್ಕೆ ಪಡೆದರು. ಅಧ್ಯಕ್ಷತೆ ಶ್ರೀನಿವಾಸಶಾಸ್ತ್ರಿಗಳದಾಯಿತು. ಗಾಂಧೀಜಿಗೂ ಶಾಸ್ತ್ರಿಗಳಿಗೂ ಕಡೆಯವರೆಗೆ ಸ್ನೇಹ ಕೆಡಲಿಲ್ಲ.

ಅದೇ ಸಮಾಜದ ಇನ್ನೊಂದು ಮುಖವೂ ಇದೆ. ಹೃದಯನಾಥ ಕುಂಜ್ರೂ ಅವರು ೧೯೩೬ರಲ್ಲಿ ಅಧ್ಯಕ್ಷರಾಗಿ ೧೯೭೮ರಲ್ಲಿ ತೀರಿಕೊಳ್ಳುವ ತನಕ ಆ ಸ್ಥಾನದಲ್ಲಿದ್ದರು. ನಿಷ್ಕಳಂಕ ಪುರುಷರೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಒಂದು ಸಂಘಕ್ಕೆ ನಾಲ್ವತ್ತೆರಡು ವರ್ಷ ಒಬ್ಬರೇ ಹಿರಿಯರಾಗಿರುವುದು ಆ ಸಂಘದ ಆರೋಗ್ಯಕ್ಕೆ ಒಳ್ಳೆಯದೆಂದು ನನಗೆ ತೋರುವುದಿಲ್ಲ. ಉಮೇದುವಾರರೇ ಇಲ್ಲದ ಸಂಘವೂ ಉಮೇದುವಾರರು ಹೆಚ್ಚಾದ ಸಂಘದಷ್ಟೇ ಬಡವಾಗುತ್ತದೆ.

ಭಾರತ ಸೇವಕ ಸಮಾಜದ ಸದಸ್ಯರಲ್ಲಿ ಎನ್. ಎಂ. ಜೋಶಿ ಒಬ್ಬರು. ೧೯೧೧ರಲ್ಲಿ ಮುಂಬಯಿಯಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಕಟ್ಟಿ ಗಿರಣಿ ಕಾರ್ಮಿಕರಿಗೆ ರಾತ್ರಿಶಾಲೆ, ವಾಚನಾಲಯಗಳನ್ನು ನಡೆಸಿದರು. ೧೯೨೦ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು ಹುಟ್ಟಿದಾಗ ಅಧ್ಯಕ್ಷಪೀಠ ಲಾಲಾ ಲಜಪತರಾಯರದು. ಜೋಶಿಯವರು ಮುಂದೆ ಬಹುಕಾಲ ಅದರ ಕಾರ್ಯದರ್ಶಿಯಾಗಿ ದುಡಿದರು. ಈ ಜೋಶಿಯವರ ಕೈಕೆಳಗೆ ಕೆಲಸ ಕಲಿತ ತರುಣನೊಬ್ಬ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ೧೯೦೩ರಲ್ಲಿ ಹುಟ್ಟಿದ ವೆಂಕಟೇಶ ಖೇಡಗೀಕರ. ಹಿಪ್ಪರಗಿಯಲ್ಲೂ ಮೋಮಿನಾಬಾದಿನಲ್ಲೂ ಶಾಲಾ ಉಪಾಧ್ಯಾಯನಾಗಿದ್ದು, ಸಂನ್ಯಾಸ ಸ್ವೀಕರಿಸಿ, ಸ್ವಾಮಿ ರಾಮಾನಂದ ತೀರ್ಥರೆಂಬ ಹೆಸರಿನಿಂದ ಹೈದರಾಬಾದು ಸಂಸ್ಥಾನದ ಹೋರಾಟಕ್ಕೆ ಮುಂದಾಳಾದರು. ಕನ್ನಡ ನೆಲದಲ್ಲಿ ಹುಟ್ಟಿ ಮರಾಠಿ ಶಾಲೆಗಳಲ್ಲಿ ಕಲಿಸಿದ ಈ ಸಂನ್ಯಾಸಿಯನ್ನು ಬೀದರದಂಥ ಹಲವು ಭಾಷೆಗಳ ಜಿಲ್ಲೆ ತನ್ನವರೆಂದೇ ಭಾವಿಸಿತು.

೧೯೪೬ರಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾಯಿತು. ಎಂಟು ವರ್ಷ ಹೆಸರು ಹೇಳಲೂ ಆಗದಿದ್ದ ಸಂಸ್ಥೆಗೆ ಈಗ ಅಧ್ಯಕ್ಷರನ್ನು ಆರಿಸಬೇಕು. ಉಮೇದುವಾರರು ಇಬ್ಬರು. ಒಬ್ಬರು ಬೂರ್ಗುಲ ರಾಮಕೃಷ್ಣರಾಯರು: ಹೈದರಾಬಾದಿನ ಹೆಸರಾಂತ ವಕೀಲರು, ಸಂಸ್ಕೃತ ಪಾರಸಿಗಳೆರಡರಲ್ಲೂ ಪಂಡಿತರು, ಸರಕಾರದೊಡನೆ ಮಾತುಕತೆಯಿಂದ ಸುಧಾರಣೆ ಪಡೆಯಬಹುದೆಂದು ನಂಬಿದವರು. ಇನ್ನೊಬ್ಬರು ರಾಮಾನಂದ ತೀರ್ಥರು: ಮನೆಯಿಲ್ಲದವರು, ಸೆರೆಮನೆಯನ್ನು ಬಲ್ಲವರು, ಜವಾಬ್ದಾರಿ ಸರಕಾರಕ್ಕಿಂತ ಕಡಮೆಯದನ್ನು ಒಪ್ಪದವರು. ಇಬ್ಬರೂ ಯೋಗ್ಯರೇ ಆಗಿದ್ದುದು ಆ ಚುನಾವಣೆಯ ಕಷ್ಟ. ಒಳ್ಳೆಯವನಿಗೂ ಕೆಟ್ಟವನಿಗೂ ಸ್ಪರ್ಧೆಯಾದರೆ ಮತ ಕೊಡುವುದು ಸುಲಭ. ಎರಡು ಒಳ್ಳೆಯ ದಾರಿಗಳ ನಡುವೆ ಒಂದನ್ನು ಹಿಡಿಯಬೇಕಾದಾಗ ಮತದಾರನ ವಿವೇಕ ಒರೆಗಲ್ಲಿಗೆ ಬರುತ್ತದೆ. ಸ್ವಾಮೀಜಿ ಬಹು ಕಡಮೆ ಮತಗಳ ಅಂತರದಿಂದ ಗೆದ್ದರು.

ಗೆದ್ದವರಿಗೆ ದೊರೆತದ್ದೇನು? ೧೯೪೭ರ ಆಗಸ್ಟ್ ೭ರಂದು ಸಂಸ್ಥಾನ ಭಾರತದಲ್ಲಿ ಸೇರಬೇಕೆಂದು ಚಳವಳಿ ಆರಂಭವಾಯಿತು. ಸ್ವಾಮೀಜಿ ಆ ತಿಂಗಳಲ್ಲೇ ಬಂಧಿತರಾದರು. ನಡುವೆ ಕೆಲವು ವಾರ ಬಿಟ್ಟರೆ ೧೯೪೮ರ ಸೆಪ್ಟೆಂಬರಿನಲ್ಲಿ ಪೋಲೀಸ್ ಕಾರ್ಯಾಚರಣೆ ಮುಗಿಯುವವರೆಗೆ ಸೆರೆಯಲ್ಲಿಯೇ ಇದ್ದರು. ಹೊರಗಿನ ಕೆಲಸವನ್ನು ದಿಗಂಬರರಾವ್ ಬಿಂದು ಅವರ ನೇತೃತ್ವದ ಕ್ರಿಯಾಸಮಿತಿ ನಡೆಸಿತು. ಅಧ್ಯಕ್ಷರಿಲ್ಲದೆಯೂ ನಡೆದ ಸಂಘವೇ ಸಂಘವೆಂದು ಬೇಕಾದರೆ ಹೇಳಬಹುದು. ಆದರೆ ಚರಿತ್ರೆಯನ್ನು ಸಿಹಿ ಮಾಡಿ ಹೇಳಬಾರದು. ಸಂಸ್ಥಾನ ವಿಲೀನವಾದ ಮೇಲೆ ಹಳೆಯ ಒಡಕು ಮತ್ತೆ ತಲೆಯೆತ್ತಿ ಕಾಂಗ್ರೆಸ್ಸು ಎರಡು ಬಣವಾಯಿತು. ದಿಲ್ಲಿಯವರು ನಡುವೆ ಬರಬೇಕಾಯಿತು. ೧೯೫೨ರಲ್ಲಿ ಬೂರ್ಗುಲರು ಮುಖ್ಯಮಂತ್ರಿಯಾದರು, ಸ್ವಾಮೀಜಿ ಗುಲ್ಬರ್ಗಾ ಕ್ಷೇತ್ರದಿಂದ ಲೋಕಸಭೆಗೆ ಹೋದರು. ಮಂತ್ರಿಪದವಿ ಅವರು ಹಿಡಿಯಲಿಲ್ಲ.

ಚುನಾವಣೆಯೇ ಇಲ್ಲದ ಮುಂದಾಳುತನಕ್ಕೆ ಭಾಲ್ಕಿಯನ್ನು ನೋಡಬೇಕು. ಡಾ. ಚನ್ನಬಸವ ಪಟ್ಟದ್ದೇವರು ೧೮೯೦ರಲ್ಲಿ ಆಗಿನ ಔರಾದ ತಾಲ್ಲೂಕಿನ ಕಮಲನಗರದಲ್ಲಿ ಹುಟ್ಟಿ ೧೯೨೪ರಲ್ಲಿ ಭಾಲ್ಕಿ ಹಿರೇಮಠದ ಪೀಠವನ್ನೇರಿದರು. ಉರ್ದು ಆಡಳಿತದ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರೆಂದು ಜಿಲ್ಲೆಯ ಜನ ಇಂದಿಗೂ ಹೇಳುತ್ತಾರೆ. ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿ ಜೋಳ, ಕಾಸು ಕೂಡಿಸಿ ಶಾಂತಿವರ್ಧಕ ವಿದ್ಯಾಸಂಸ್ಥೆಯನ್ನು ಬೆಳೆಸಿದರು. ಬಸವಕಲ್ಯಾಣದಲ್ಲಿ ಅನುಭವಮಂಟಪ ಏಳಲು ಶ್ರಮಿಸಿದರು. ೧೯೯೯ರಲ್ಲಿ ಲಿಂಗೈಕ್ಯರಾಗುವಾಗ ಅವರ ವಯಸ್ಸು ನೂರೆಂಟು ದಾಟಿತ್ತು. ಇವರು ಯಾರ ಮತವನ್ನೂ ಬೇಡಿದವರಲ್ಲ, ಬೇಡಿದ್ದು ಮಕ್ಕಳಿಗೆ ಅನ್ನವನ್ನು. ಹಾಗೆಂದು, "ಪಟ್ಟದ್ದೇವರಿಗೆ ಚುನಾವಣೆ ಬೇಕಾಗಲಿಲ್ಲ, ನಮಗೇಕೆ?" ಎನ್ನುವವರ ವಾದವನ್ನು ನಾನು ಒಪ್ಪಲಾರೆ. ಮಠದ ಪೀಠಕ್ಕೆ ಪರಂಪರೆಯ ಕಟ್ಟಿದೆ, ಭಕ್ತರ ಕಣ್ಣಿದೆ. ಚಂದಾ ಕೊಟ್ಟು ಸೇರಿದವರ ಸಂಘದಲ್ಲಿ ಆ ಕಣ್ಣಿನ ಕೆಲಸವನ್ನು ಮಹಾಸಭೆಯೇ ಮಾಡಬೇಕು.

ಕಾನೂನಿನ ಕಡೆಯಿಂದಲೂ ಎರಡು ಮಾತು. ಹೈದರಾಬಾದಿನಲ್ಲಿ ಸಾರ್ವಜನಿಕ ಸಂಘಗಳ ನೋಂದಣಿಗೆ ಫಸಲಿ ೧೩೫೦ರ, ಎಂದರೆ ಕ್ರಿ. ಶ. ೧೯೪೦-೪೧ರ, ಕಾಯಿದೆಯಿತ್ತು. ೧೯೫೬ರ ನವೆಂಬರ್ ೧ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು: ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ; ಬೀದರ, ಭಾಲ್ಕಿ, ಔರಾದ, ಹುಮನಾಬಾದುಗಳು ಮೈಸೂರಿಗೆ. ಆಮೇಲೆ ನಮಗೆ ಬಂದದ್ದು ೧೯೬೦ರ ಸಂಘಗಳ ನೋಂದಣಿ ಕಾಯಿದೆ. ಏಳು ಮಂದಿ ಸೇರಿದರೆ ಸಂಘ. ವರ್ಷಕ್ಕೊಮ್ಮೆ ಮಹಾಸಭೆ, ಲೆಕ್ಕಪತ್ರ, ಆಡಳಿತ ಮಂಡಲಿಯ ಪಟ್ಟಿ.

ಸಮಾಜಕಾರ್ಯವನ್ನು ಕಾಲೇಜಿನಲ್ಲಿ ಕಲಿಸುವ ಪದ್ಧತಿ ನಮ್ಮ ದೇಶದಲ್ಲಿ ೧೯೩೬ರಲ್ಲಿ ಮುಂಬಯಿಯ ಟಾಟಾ ಶಾಲೆಯಿಂದ ಆರಂಭವಾಯಿತು. ಕರ್ನಾಟಕದಲ್ಲಿ ೧೯೬೦ರಲ್ಲಿ ಮಂಗಳೂರಿನ ರೋಶನಿ ನಿಲಯ ಹುಟ್ಟಿತು. ವಕೀಲರಿಗೆ, ವೈದ್ಯರಿಗೆ ಕಾನೂನುಬದ್ಧ ಪರಿಷತ್ತುಗಳಿವೆ. ಸಮಾಜಕಾರ್ಯಕರ್ತರೆಲ್ಲರಿಗೂ ಅಂಥದೊಂದು ದೊರೆಯಲಿಲ್ಲ. ೨೦೨೧ರ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಆಸ್ಪತ್ರೆ ಹಾಗೂ ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ಹೆಸರಿಸಿತು; ಹಳ್ಳಿಯಲ್ಲಿ, ಕೇರಿಯಲ್ಲಿ ದುಡಿಯುವವರು ಹೊರಗುಳಿದರು. ಗುತ್ತಿಗೆಯ ಮೇಲೆ ದುಡಿಯುವ ಹುಡುಗಿಗೆ ಸಂಬಳ ತಡೆದರೆ, ಇಲ್ಲವೆ ಬಾಲ್ಯವಿವಾಹ ನಿಲ್ಲಿಸಿದ್ದಕ್ಕೆ ಊರವರು ತಿರುಗಿಬಿದ್ದರೆ, ಅವಳ ಪರವಾಗಿ ಮಾತಾಡಲು ಇರುವುದು ಅವಳ ಸಂಘವೊಂದೇ. ಆದ್ದರಿಂದಲೇ ಅದರ ಅಧ್ಯಕ್ಷರು ಯಾರೆಂಬುದು ಸಣ್ಣ ಮಾತಲ್ಲ.

ನನ್ನ ವಿದ್ಯಾರ್ಥಿಗೆ ಹೇಳಿದ್ದನ್ನೇ ವಾಚಕರಿಗೂ ಹೇಳುತ್ತೇನೆ. ನಿಲ್ಲು ಎಂದೆ. ಆದರೆ ಸಭೆಯಲ್ಲಿ ಮತದಾರರು ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ನೀನೇ ಕೇಳಿಕೋ ಎಂದೆ. ಹೋದ ಸಲದ ಲೆಕ್ಕವನ್ನು ಓದಿದ್ದೀಯಾ? ನಿನ್ನ ಎದುರಿನವನು ಗೆದ್ದರೆ ಅವನ ಸಮಿತಿಯಲ್ಲಿ ದುಡಿಯುವೆಯಾ? ಔರಾದ ತಾಲ್ಲೂಕಿನಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ತಾಂಡಾಗಳಲ್ಲಿ ಲಂಬಾಣಿ ಮಾತು ನಡೆಯುತ್ತದೆ. ಇವುಗಳಲ್ಲಿ ಎಷ್ಟರಲ್ಲಿ ಒಬ್ಬ ಮುದುಕಿಯ ದೂರನ್ನು ಕೇಳಿಸಿಕೊಳ್ಳಬಲ್ಲೆ? ಬೇಸಗೆಯಲ್ಲಿ ಹೈದರಾಬಾದಿಗೆ ಕೂಲಿಗೆ ಹೋದವರ ಮಕ್ಕಳು ಶಾಲೆಗೆ ಮರಳಿದರೋ ಇಲ್ಲವೋ ಎಂದು ಕೊನೆಯ ಸಲ ಯಾವಾಗ ನೋಡಿ ಬಂದೆ? ಅವನು ಮೂರಕ್ಕೆ ಉತ್ತರ ಕೊಟ್ಟ. ಲೆಕ್ಕ ಓದಿಲ್ಲವೆಂದು ಹೇಳಿ, ಕಾರ್ಯದರ್ಶಿಯ ಮನೆ ಎಲ್ಲಿದೆಯೆಂದು ವಿಚಾರಿಸಿಕೊಂಡು ಭಾಲ್ಕಿಯ ಬಸ್ಸು ಹಿಡಿದ.