ಕೊಬ್ಬಿದ ಮರಿಯೇ ಯಾಕೆ ಮೊದಲು ಸಾಯುತ್ತೆ? (ನಮ್ಮ ಸೀಮೆಯ ಚರಿತ್ರೆ, ಭಾಗ 4)

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರೇ, ಕುರಿಹಟ್ಟಿಯಲ್ಲಿ ಈ ಮಾತು ನೀವೂ ಕೇಳಿರ್ತೀರಿ: "ರಾತ್ರಿ ಚೆನ್ನಾಗೇ ಇತ್ತು, ಬೆಳಗ್ಗೆ ನೋಡಿದ್ರೆ ಸತ್ತು ಬಿದ್ದಿತ್ತು. ಯಾರದೋ ಕಣ್ಣು ಬಿತ್ತು."

ಕಣ್ಣಲ್ಲ ರೀ, ಕರುಳು! 🐑

ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನೋ ಬ್ಯಾಕ್ಟೀರಿಯಾ ಆರೋಗ್ಯವಾಗಿರೋ ಕುರಿಯ ಕರುಳಲ್ಲೂ ಸುಮ್ಮನೆ ಇರುತ್ತೆ. ಮಳೆ ಬಿದ್ದು ಚಿಗುರಿದ ಎಳೆ ಹುಲ್ಲನ್ನೋ ಕಾಳನ್ನೋ ಮರಿ ಒಮ್ಮೆಲೇ ಜಾಸ್ತಿ ತಿಂದರೆ, ಅದು ಹೆಚ್ಚಿ ವಿಷ ಬಿಡುತ್ತೆ. ಚೆನ್ನಾಗಿ ಮೇಯ್ದ ಮರಿಯೇ ಮೊದಲು ಹೋಗೋದು ಅದಕ್ಕೇ. ಇದೇ ಕರುಳುಬೇನೆ.

ಈ ಬ್ಯಾಕ್ಟೀರಿಯಾವನ್ನು 1892ರಲ್ಲಿ ಅಮೆರಿಕದಲ್ಲಿ ವೆಲ್ಚ್ ಮತ್ತು ನಟಾಲ್ ಗುರುತಿಸಿದರು. ಕುರಿಗಳ ಈ ಸಾವಿಗೆ ಇದರ ವಿಷವೇ ಕಾರಣ ಅಂತ 1932ರಲ್ಲಿ ತೋರಿಸಿದ್ದು ಪಶ್ಚಿಮ ಆಸ್ಟ್ರೇಲಿಯಾದ ಬೆನೆಟ್ಸ್. ಕಾರಣ ಸಿಕ್ಕ ಮೇಲೆ ಲಸಿಕೆಯೂ ಬಂತು.

ನಮ್ಮ ರಾಜ್ಯದಲ್ಲಿ ಅದನ್ನು ತಯಾರಿಸೋದು ಬೆಂಗಳೂರು ಹೆಬ್ಬಾಳದ ಸರ್ಕಾರಿ ಸಂಸ್ಥೆ. 1925ರಲ್ಲಿ ಅದು ಸೀರಂ ಸಂಸ್ಥೆಯಾಗಿ ಶುರುವಾದಾಗ ಮೈಸೂರು ಸಂಸ್ಥಾನದ್ದು, ನಮ್ಮ ತಾಲ್ಲೂಕುಗಳು ಮದ್ರಾಸ್ ಪ್ರಾಂತ್ಯದವು! ನಾವು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ.

ಬಿಕಾಂ ಓದೋನ ಲೆಕ್ಕ ಇಷ್ಟೇ: ಕುರಿಗಾರನಿಗೆ ಮಂದೆಯೇ ಬಂಡವಾಳ. ರೋಗ ಬಂದ ಮೇಲೆ ಮದ್ದು ಹಾಕೋಕೆ ಟೈಮೇ ಸಿಗಲ್ಲ. ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸೋಕೆ ಮನೆಯಲ್ಲಿ ಹೇಳ್ತೀರಲ್ವಾ?