ಪರಿಗಿಯ ಕೆರೆ, ಹಿಂದೂಪುರದ ಪೇಟೆ



ಹಿಂದೂಪುರದಿಂದ ಉತ್ತರಕ್ಕೆ ಸುಮಾರು 10 ಕಿಲೋಮೀಟರ್ ಹೋದರೆ ಪರಿಗಿ ಸಿಗುತ್ತದೆ. ದೊಡ್ಡ ಕೆರೆಯ ದಡದ ಊರು, ಇಂದು ಮಂಡಲ ಕೇಂದ್ರ. ದೊಡ್ಡ ಪೇಟೆಗಾಗಲಿ ರೈಲಿಗಾಗಲಿ ಅಲ್ಲಿಯ ಜನ ಹಿಂದೂಪುರಕ್ಕೇ ಬರಬೇಕು. ಆದ್ದರಿಂದ ನಾವು ಪರಿಗಿಯನ್ನು ಹಿಂದೂಪುರದ ಮಗ್ಗುಲ ಊರೆಂದು ಭಾವಿಸುತ್ತೇವೆ. ಆದರೆ ಒಂದು ಕಾಲದಲ್ಲಿ ಪರಿಗಿಯೇ ಈ ಸೀಮೆಗೆ ಹೆಸರು ಕೊಟ್ಟ ಊರಾಗಿತ್ತು.

ಪೆನುಕೊಂಡೆಯ ತಾಮ್ರ ಶಾಸನಗಳೆಂದು ಹೆಸರಾದವು ಗಂಗ ದೊರೆ ಮಾಧವ ಸಿಂಹವರ್ಮನ ಕಾಲದವು. ವಿದ್ವಾಂಸರು ಅವನ್ನು ಸುಮಾರು ಕ್ರಿ.ಶ. 475ರವೆಂದು ಹೇಳುತ್ತಾರೆ. ಪರುವಿ ವಿಷಯದಲ್ಲಿ, ಅಂದರೆ ಪರುವಿ ನಾಡಿನಲ್ಲಿ, ಪರುವಿಯ ದೊಡ್ಡ ಕೆರೆಯ ಕೆಳಗಿನ 65 ಗದ್ದೆಗಳನ್ನು ಕುಮಾರಶರ್ಮನೆಂಬ ಬ್ರಾಹ್ಮಣನಿಗೆ ದಾನ ಕೊಟ್ಟದ್ದನ್ನು ಅವು ತಿಳಿಸುತ್ತವೆ. ಆ ಪರುವಿಯೇ ಇಂದಿನ ಪರಿಗಿ. ಬಾಣ ಅರಸರ ಬಿರುದುಗಳಲ್ಲಿ ಬರುವ ಪರಿವಿಪುರವೂ ಇದೇ ಎನ್ನುತ್ತಾರೆ. ಹದಿನೈದು ನೂರು ವರ್ಷಗಳ ಹಿಂದೆಯೇ ಇಲ್ಲಿ ಕೆರೆಯಿತ್ತು, ಅದು ಆಗಲೇ ದೊಡ್ಡ ಕೆರೆಯಾಗಿತ್ತು ಎಂಬುದನ್ನು ಗಮನಿಸಿ.

ಹಿಂದೂಪುರ ಇದಕ್ಕಿಂತ ಬಹಳ ಕಿರಿಯ ಊರು. ಗುತ್ತಿಯ ಮುರಾರಿರಾವ್ ಘೋರ್ಪಡೆಯು ತನ್ನ ತಂದೆ ಹಿಂದೂರಾವ್ ಹೆಸರಿನಲ್ಲಿ ಕಟ್ಟಿಸಿದನೆಂಬುದು ಪ್ರತೀತಿ. ಅಂದರೆ ಅದು 18ನೆಯ ಶತಮಾನದ್ದು. 1890ರ ದಶಕದಲ್ಲಿ ಗುಂತಕಲ್–ಬೆಂಗಳೂರು ರೈಲುಮಾರ್ಗ ಬಂದ ಮೇಲೆ ಅದರ ಅದೃಷ್ಟ ತೆರೆಯಿತು. ಬೆಲ್ಲ, ಹುಣಿಸೆ, ಮೆಣಸಿನಕಾಯಿಗಳ ಮಂಡಿಗಳು ಬೆಳೆದವು. ಮುಂದೆ ರೇಷ್ಮೆಗೂಡಿನ ಮಾರುಕಟ್ಟೆಯೂ ನೂಲಿನ ಗಿರಣಿಗಳೂ ಸೇರಿಕೊಂಡವು. ಪರಿಗಿಯನ್ನು ನೀರು ಬೆಳೆಸಿತ್ತು, ಹಿಂದೂಪುರವನ್ನು ರೈಲು ಬೆಳೆಸಿತು.

ಈಗ ನೀರಿನ ದಾರಿಯನ್ನು ನೋಡೋಣ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಮೂಲಕ ಹಿಂದೂಪುರದ ಸೀಮೆಗೆ ಬರುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಪರಿಗಿಯ ಸಮೀಪದಲ್ಲಿ ಅದನ್ನು ಸೇರುತ್ತದೆ. ಆಮೇಲೆ ಪಿನಾಕಿನಿ ಪಾವಗಡ ತಾಲ್ಲೂಕಿನ ನಾಗಲಮಡಿಕೆಗೆ, ಅಂದರೆ ಮತ್ತೆ ಕರ್ನಾಟಕಕ್ಕೆ, ಹೊಕ್ಕು ಪೇರೂರಿನ ಕಡೆ ಪುನಃ ಆಂಧ್ರಕ್ಕೆ ಮರಳುತ್ತದೆ. ನಮ್ಮ ಮನೆಮಾತಿನಂತೆ ಆ ನದಿಗೂ ಗಡಿ ತಿಳಿಯದು! ಕಲ್ಯಾಣದುರ್ಗದ ಕಡೆಯ ವೇದಾವತಿಯ ಕಥೆಯೂ ಇದೇ. ಮೇಲೆ ಹಿರಿಯೂರಿನ ಬಳಿ ಮಾರಿಕಣಿವೆ, ಕೆಳಗೆ ಭೈರವಾನಿತಿಪ್ಪ ಜಲಾಶಯ.

ಮೇಲಿನವರು ಕಟ್ಟೆ ಕಟ್ಟಿದರೆ ಕೆಳಗಿನವರಿಗೆ ಚಿಂತೆ ತಪ್ಪಿದ್ದಲ್ಲ. ಮೈಸೂರು ಮತ್ತು ಮದರಾಸುಗಳ ನಡುವೆ 1892ರಲ್ಲಿ ಆದ ಒಪ್ಪಂದದಲ್ಲಿ ಕಾವೇರಿಯ ಜೊತೆಗೆ ನಮ್ಮ ಪಿನಾಕಿನಿ, ವೇದಾವತಿಗಳೂ ಇದ್ದವು. 1882ರಲ್ಲಿ ಬಳ್ಳಾರಿಯಿಂದ ಬೇರೆಯಾದ ಅನಂತಪುರ ಜಿಲ್ಲೆ 1953ರಲ್ಲಿ ಆಂಧ್ರ ರಾಜ್ಯಕ್ಕೆ ಸೇರಿತು. 2022ರಲ್ಲಿ ಹಿಂದೂಪುರ, ಪರಿಗಿಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಬದಲಾದರೂ ಮಳೆ ಬದಲಾಗಲಿಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್, ಅಷ್ಟೇ ನಮ್ಮ ಪಾಲು.

ಇಷ್ಟು ಕಡಿಮೆ ಮಳೆಯಲ್ಲಿ ಕೆರೆಗಳು ಉಳಿದದ್ದಾದರೂ ಹೇಗೆ? ಹಿಂದೆ ದಶಬಂಧ ಎಂಬ ಇನಾಮು ಇತ್ತು. ಕೆರೆಯನ್ನು ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ ಅದರ ಕೆಳಗೇ ಭೂಮಿ ದೊರೆಯುತ್ತಿತ್ತು. ಏರಿ ಒಡೆದರೆ ಅವನ ಗದ್ದೆಯೇ ಒಣಗುವುದು. ಹಾಗಾಗಿ ಕೆರೆಯ ಕಾಳಜಿ ಅವನ ಮನೆಯ ಕಾಳಜಿಯಾಗಿತ್ತು. ಕಾಲಕ್ರಮದಲ್ಲಿ ಆ ಹೊಣೆ ಸರ್ಕಾರದ ಇಲಾಖೆಗಳಿಗೆ ಹೋಯಿತು. 1997ರ ಕಾಯ್ದೆ ನೀರು ಬಳಕೆದಾರರ ಸಂಘಗಳ ಮೂಲಕ ಅದರಲ್ಲಿ ಒಂದು ಪಾಲನ್ನು ರೈತರಿಗೆ ಮರಳಿ ಕೊಡಲು ನೋಡಿತು.

ನಾನು ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಾಲದ ಅರ್ಜಿಗಳಲ್ಲಿ ಮೊದಲು ತೆರೆದ ಬಾವಿ, ಪಂಪ್‌ಸೆಟ್ಟು ಎಂದು ಬರೆಯುತ್ತಿದ್ದೆ. ಬರಬರುತ್ತಾ ಎಲ್ಲವೂ ಬೋರ್‌ವೆಲ್ ಆಯಿತು, ಅಡಿಗಳ ಲೆಕ್ಕ ಏರುತ್ತಾ ಹೋಯಿತು. ಒಮ್ಮೆ ಕೆರೆಯ ಅಚ್ಚುಕಟ್ಟಿನ ರೈತರೊಬ್ಬರು ಬೋರಿಗೆ ಸಾಲ ಕೇಳಲು ಬಂದರು. “ಕೆರೆಯ ಕೆಳಗೆ ಗದ್ದೆಯಿದ್ದೂ ಬೋರು ಯಾಕಯ್ಯಾ?” ಎಂದೆ. “ಪಹಣಿಯಲ್ಲಿ ಕೆರೆ ಇದೆ ಸ್ವಾಮಿ, ಕೆರೆಯಲ್ಲಿ ನೀರಿಲ್ಲ” ಎಂದರು. ಬೋರು ವಿಫಲವಾಯಿತು, ಸಾಲ ಉಳಿಯಿತು. ಅವರಿಗೆ ಹೋದ ನೋಟೀಸಿನ ವಿಳಾಸ ನನ್ನ ಕೈಬರಹದ್ದು. ಅದನ್ನು ಇಂದಿಗೂ ಮರೆತಿಲ್ಲ.

ಈಗ ಹಂದ್ರಿ-ನೀವಾ ಯೋಜನೆಯ ಮೂಲಕ ಶ್ರೀಶೈಲದ ಹಿನ್ನೀರಿನಿಂದ ಕೃಷ್ಣೆಯನ್ನು ಎತ್ತಿ ನಮ್ಮ ಜಿಲ್ಲೆಗಳಿಗೆ ತರುತ್ತಿದ್ದಾರೆ. ಬಹಳ ಸಂತೋಷದ ಸಂಗತಿ. ಆದರೆ ಎಲ್ಲಿಂದಲೋ ಬಂದ ನೀರಿಗೂ ನಿಲ್ಲಲು ಜಾಗ ಬೇಕಲ್ಲವೇ? ಹೂಳು ತುಂಬಿದರೆ, ಕಾಲುವೆ ಒತ್ತುವರಿಯಾದರೆ ಕೃಷ್ಣೆಯಾದರೂ ಏನು ಮಾಡಿಯಾಳು?

ಓದುಗರೇ, ಮುಂದಿನ ಸಲ ಹಿಂದೂಪುರಕ್ಕೆ ಬಂದಾಗ ಅರ್ಧ ದಿನ ಬಿಡುವು ಮಾಡಿಕೊಂಡು ಪರಿಗಿಗೂ ಹೋಗಿಬನ್ನಿ. ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಲೇಪಾಕ್ಷಿಯ ಬಸವಣ್ಣನನ್ನು ತೋರಿಸುವಂತೆಯೇ ಈ ಏರಿಯನ್ನೂ ತೂಬನ್ನೂ ತೋರಿಸಿ. ದೊರೆ ದಾನ ಕೊಟ್ಟ ಗದ್ದೆಗಳಿಗೆ ನೀರುಣಿಸಿದ ಕೆರೆ ಇದು ಎಂದು ಹೇಳಿ. ನಮ್ಮ ಕಾಲದಲ್ಲಿ ಅದು ಬತ್ತಿತೆಂಬ ಮಾತು ಮುಂದಿನವರ ಬಾಯಲ್ಲಿ ಬಾರದಿರಲಿ.