ಗೋಕಾಕದ ರೂಪಾಯಿಗೆ ಎಷ್ಟು ಅಂಕ?

ಹೋದ ದೀಪಾವಳಿಗೆ ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಗೆ ಹೋದಾಗ ನನ್ನ ಸೋದರಮಾವ ಪೂಜೆಯ ಪೆಟ್ಟಿಗೆಯಿಂದ ಬೆಳ್ಳಿಯ ರೂಪಾಯಿಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. “ತಮ್ಮಾ, ಇದನ್ನ ಅಮೇರಿಕಾಕ್ಕ ಕಳಿಸಿ ಮಾರ್ಕು ಹಾಕಿಸಿದ್ರ ಭಾಳ ರೊಕ್ಕ ಬರ್ತದಂತ ನನ್ನ ಮಗ ಹೇಳ್ತಾನ. ನೀ ಕಲಿತಾಂವ, ಏನಂತಿ?” ಎಂದರು. ಮನೆಯ ಮಾಳಿಗೆ ಸೋರುತ್ತಿತ್ತು. ರೊಕ್ಕದ ಅಗತ್ಯ ಸುಳ್ಳಾಗಿರಲಿಲ್ಲ.

ನಾನು ಕನ್ನಡ ಕಲಿಸುವವನು. ನಾಣ್ಯದ ಮೇಲಿನ ಪಾರ್ಸಿ ಲಿಪಿಯನ್ನು ಓದಿಕೊಟ್ಟವರು ನಮ್ಮ ಕಾಲೇಜಿನ ಉರ್ದು ಅಧ್ಯಾಪಕರು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು; ಆದ್ದರಿಂದ ಅರ್ಧ ಅಕ್ಷರಗಳು ಹೊರಗೇ ಉಳಿದಿದ್ದವು. ಆದರೂ ‘ಗೋಕಾಕ’ ಎಂಬುದು ಸ್ಪಷ್ಟವಾಗಿತ್ತು. ಆಜಮನಗರವೆಂದರೆ ಮೊಗಲರು ಬೆಳಗಾವಿಗೆ ಇಟ್ಟ ಹೆಸರು. ‘ಆಜಮನಗರ ಗೋಕಾಕ’ ಎಂಬ ಟಂಕಸಾಲೆಯ ಹೆಸರು ಹೊತ್ತ ರೂಪಾಯಿಗಳು 18ನೆಯ ಶತಮಾನದಲ್ಲಿ, ಮರಾಠರ ಕಾಲದಲ್ಲಿ, ಮೊಗಲ ಬಾದಶಹನ ಹೆಸರಿನಲ್ಲಿಯೇ ಹೊರಟವು. ನೆರೆಯೂರಿನ ನಾಣ್ಯವೇ ನಮ್ಮ ಮನೆಯ ಪೆಟ್ಟಿಗೆಯಲ್ಲಿತ್ತು!

ಇನ್ನು ಅಮೇರಿಕೆಯ ಮಾತು. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬಾತ ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರವರೆಗಿನ ಅಂಕಗಳ ಅಳತೆಯೊಂದನ್ನು ಮಾಡಿದ. 1986-87ರಲ್ಲಿ ಅಲ್ಲಿ ಎರಡು ದೊಡ್ಡ ಪರೀಕ್ಷಾಸಂಸ್ಥೆಗಳು ಹುಟ್ಟಿ, ಅದನ್ನೇ ಎಲ್ಲ ನಾಣ್ಯಗಳಿಗೂ ಹಚ್ಚಿದವು. ಶುಲ್ಕ ಕೊಟ್ಟು ಕಳಿಸಿದರೆ ಪರೀಕ್ಷಕರು ಒಡೆಯನ ಹೆಸರು ತಿಳಿಯದೆ ನೋಡಿ, ಅಂಕವಿತ್ತು, ನಾಣ್ಯವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿದು ಮರಳಿಸುತ್ತಾರೆ. ತಿಕ್ಕಿ ತೊಳೆದ ನಾಣ್ಯಕ್ಕೆ ಮಾತ್ರ ಅಂಕವಿಲ್ಲ, ದೋಷದ ಷರಾ ಅಷ್ಟೇ.

ಈ ಶುಲ್ಕ, ಈ ಪರೀಕ್ಷೆ ನಮಗೆ ಹೊಸವೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ರೂಪದರ್ಶಕ’ನೆಂಬ ಅಧಿಕಾರಿಯೇ ಇದ್ದಾನೆ, ನೂರು ಪಣಕ್ಕೆ ಎಂಟನೆಯ ಒಂದು ಪಣ ಪರೀಕ್ಷೆಯ ಶುಲ್ಕವೆಂದೂ ಹೇಳಿದೆ. ಮುಂದೆ ಊರಿಗೊಂದು ಬಗೆಯ ರೂಪಾಯಿ ನಡೆಯುತ್ತಿದ್ದ ಕಾಲದಲ್ಲಿ ಪೇಟೆಯ ಸರಾಫನೇ ಪರೀಕ್ಷಕ. ಆತ ನಾಣ್ಯವನ್ನು ಬಾರಿಸಿ, ತೂಗಿ, ಸಣ್ಣ ಠಸ್ಸೆಯಿಂದ ಗುರುತು ಹೊಡೆದು, ವಟ್ಟ ಹಿಡಿದು ಬೆಲೆ ಕಟ್ಟುತ್ತಿದ್ದ. 1835ರಲ್ಲಿ ಕಂಪನಿ ಸರಕಾರ 180 ಗ್ರೇನ್ ತೂಕದ ಒಂದೇ ಬಗೆಯ ರೂಪಾಯಿಯನ್ನು ಶಾಸನದಿಂದ ಗೊತ್ತುಪಡಿಸಿದ ಮೇಲೆ ಅವನ ಕೆಲಸ ಕ್ರಮೇಣ ಇಳಿಯಿತು.

ಮಾವನ ರೂಪಾಯಿಯ ಮೇಲೆ ಅಂಥ ಗುರುತುಗಳು ಮೂರಿದ್ದವು. ಬೆಲ್ಲದ ಪೆಂಟಿಯನ್ನು ಮುರಿದು ರುಚಿ ನೋಡಿದವನು ಅಲ್ಲೊಂದು ಗಾಯ ಉಳಿಸಿಯೇ ಹೋಗುತ್ತಾನೆ; ಇವೂ ಹಾಗೆಯೇ. ಅಂಕ ಕೊಡುವವನಿಗೆ ಅವು ಕುಂದೆನಿಸಬಹುದು. ಇತಿಹಾಸ ಓದುವವನಿಗೆ, ಈ ನಾಣ್ಯ ಮೂರು ಸಲ ಅನುಮಾನಕ್ಕೆ ಗುರಿಯಾಗಿ ಮೂರು ಸಲವೂ ಗೆದ್ದಿತೆಂಬುದಕ್ಕೆ ಅವೇ ಸಾಕ್ಷಿ. ಆದರೆ ಅದರ ಮೈಮೇಲಿನ ಕೂದಲೆಳೆಯಂಥ ಗೆರೆಗಳು ಸರಾಫನವಲ್ಲ. ಬಾಲ್ಯದಲ್ಲಿ ಪ್ರತಿ ದೀಪಾವಳಿಗೂ ಹುಣಸೆಹಣ್ಣು, ಬೂದಿ ಹಚ್ಚಿ ಅದನ್ನು ತಿಕ್ಕುತ್ತಿದ್ದವನು ನಾನೇ!

ಇದನ್ನೆಲ್ಲ ಮಾವನಿಗೆ ಹೇಳಿದೆ. ಅದಕ್ಕಿಂತ ಮುಖ್ಯವಾದ ಮಾತನ್ನೂ ಹೇಳಿದೆ: 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯವೂ ಪುರಾವಸ್ತುವೇ. ಅದನ್ನು ಹೊರದೇಶಕ್ಕೆ ಕಳಿಸುವ ಅಧಿಕಾರ ಕೇಂದ್ರ ಸರಕಾರಕ್ಕೆ, ಇಲ್ಲವೆ ಅದು ನೇಮಿಸಿದ ಸಂಸ್ಥೆಗೆ ಮಾತ್ರ, ಖಾಸಗಿಯವರಿಗಿಲ್ಲ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, “ಮಾಳಿಗೀದು ಕಬ್ಬಿನ ಬಿಲ್ಲು ಬಂದ ಮ್ಯಾಲ ನೋಡೂಣು” ಎನ್ನುತ್ತ ರೂಪಾಯಿಯನ್ನು ಹತ್ತಿಯ ಅರಿವೆಯಲ್ಲಿ ಸುತ್ತಿದರು. ಆ ಸಂಜೆ ಲಕ್ಷ್ಮಿಯ ಮುಂದೆ ಅದನ್ನು ತೊಳೆಯದೆಯೇ ಇಟ್ಟರು. ಕಪ್ಪಗೇ ಇತ್ತು, ಗೋಕಾಕದ ಹೆಸರು ಮಾತ್ರ ದೀಪದ ಬೆಳಕಿಗೆ ಚೆನ್ನಾಗಿ ಕಾಣುತ್ತಿತ್ತು.